ಎರಡೂರಿನ ಬಂಡಿ

ಹನಿಯೊಂದು ಹೊಸ ಕೆಂಪು ಬಣ್ಣದ ಮೇಲಿಂದ ಜಾರಿ ಬಂದು ಹಾಲ್‌ಬರ್ಗಿನ ಚಾಲಕ ಹಕಾಲಾನ ಅಂಗಿಯ ತೋಳಿನೊಳಗೆ ನುಗ್ಗಿ ಮೊಣಕೈವರೆಗೂ ಹರಿಯಿತು, ತಣ್ಣಗೆ, ಮೇ ತಿಂಗಳು ಬಂದರೂ ಮಿನ್ನೆಸೋಟದ ನೀರಿಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ, ತಳ್ಳು, ಎರಡೂ ಅಂಗೈ ಬಂಡಿಯ ಮೂತಿಗೆ ಒತ್ತಿ ತಳ್ಳು, ನಲವತ್ತು ಜನ ಒಬ್ಬರ ಬೆನ್ನಿಗೊಬ್ಬರು ಆತು ತಳ್ಳುತ್ತಿದ್ದಾರೆ, ಅರ್ಧ ಹಾಲ್‌ಬರ್ಗಿನವರು, ಅರ್ಧ ಪೈನ್‌ಫರ್ಡಿನವರು, ಇವತ್ತಿನಿಂದ ಎರಡೂ ಊರಿಗೆ ಒಂದೇ ಅಗ್ನಿಶಾಮಕ ದಳ, ಒಂದೇ ಠಾಣೆ, ಇದೊಂದೇ ಬಂಡಿ, ಹೊಸ ಬಂಡಿ ಬಂದರೆ ಹಳೆಯದರ ನೀರಿನಲ್ಲಿ ಮೀಯಿಸಿ ಕೈಯಿಂದ ತಳ್ಳಿಯೇ ಒಳಗೆ ಸೇರಿಸಬೇಕು, ಕುದುರೆ ಕಟ್ಟುತ್ತಿದ್ದ ಕಾಲದಿಂದ ನಡೆದು ಬಂದದ್ದು, ಹಿಂದಕ್ಕೆ ಹೆಜ್ಜೆ ಇಡು ಎಂದರೆ ಕುದುರೆ ಕೇಳುತ್ತಿರಲಿಲ್ಲವಂತೆ, ಈ ಬಂಡಿಯೂ ಕೇಳುತ್ತಿಲ್ಲ, ಬೆರಳಷ್ಟೂ ಕದಲುತ್ತಿಲ್ಲ. ನಿಮ್ಮೋರು ಬೆಳಿಗ್ಗೆ ಏನೂ ತಿಂದಿಲ್ವಾ ಅಂತ ಯಾರೋ ಪೈನ್‌ಫರ್ಡಿನವನು, ತಿಂದಿದ್ವಪ್ಪ, ಆಮೇಲೆ ನೀವು ಮಾಡಿದ ಕಾಫಿ ಕುಡಿದ್ವಿ, ಅಲ್ಲಿಗೆ ಎಲ್ಲಾ ಹೋಯ್ತು ಅಂತ ಹಾಲ್‌ಬರ್ಗಿನವನು, ನಗು ಬೆನ್ನಿಂದ ಬೆನ್ನಿಗೆ ದಾಟಿ ಹಕಾಲಾನ ಬೆನ್ನಿಗೂ ಬಂದು ತಟ್ಟಿತು, ಅವನು ನಗಲಿಲ್ಲ, ತಲೆ ಎತ್ತಲೂ ಇಲ್ಲ, ಎತ್ತಿದರೆ ಗಾಜು ಕಾಣುತ್ತದೆ, ಗಾಜಿನ ಹಿಂದೆ ಸೀಟು, ಸೀಟಿನಲ್ಲಿ ಪೈನ್‌ಫರ್ಡಿನ ಚಾಲಕಿ ತೆರೇಸಾ ಪ್ರಿಬಿಲ್ ಕೂತಿರುತ್ತಾಳೆ, ಕೂರಲಿ, ತಾನೇ ಬಿಟ್ಟುಕೊಟ್ಟದ್ದಲ್ಲವೇ.

ಬಂಡಿ ಒಂದು, ಚಾಲಕರು ಇಬ್ರು ಅಂದಿದ್ದರು ಚೀಫ್ ಓಡೆಗಾರ್ಡ್, ಎರಡೂ ಊರಿಗೆ ಸೇರದವರೆಂದೇ ಕರೆಸಿಕೊಂಡ ಮನುಷ್ಯ, ನಾನು ಆರಿಸಿದ್ರೆ ಒಂದೂರಿನೋರು ನನ್ನ ಮುಖ ನೋಡಲ್ಲ, ನೀವೇ ಮಾತಾಡ್ಕೊಳ್ಳಿ, ತಳ್ಳೋ ದಿನ ಸೀಟಲ್ಲಿ ಯಾರಿರ್ತಾರೋ ಬಂಡಿ ಅವರದು, ಇನ್ನೊಬ್ರು ತಪಾಸಣೆಗೆ. ತಪಾಸಣೆ ಎಂದರೆ ಮೇಜು, ಟೈ, ಹೋಟೆಲುಗಳ ಅಡುಗೆಮನೆಯಲ್ಲಿ ಒಲೆಯ ಹಿಂದಿನ ಜಿಡ್ಡು ನೋಡಿ ಸಹಿ ಹಾಕುವುದು, ನಿವೃತ್ತಿಗೆ ಇನ್ನು ನಾಲ್ಕು ವರ್ಷ, ನಾಲ್ಕು ವರ್ಷ ಜಿಡ್ಡು. ಏಳು ದಿನ ಇಬ್ಬರೂ ಮಾತಾಡಲಿಲ್ಲ, ಒಂದೇ ಸಿಂಕಿನಲ್ಲಿ ಲೋಟ ತೊಳೆದರು, ಅವಳು ತೊಳೆದದ್ದನ್ನು ಇವನು ಒರೆಸಿದ. ಅವಳನ್ನು ಮೊದಲು ಕಂಡದ್ದು ವರ್ಷಗಳ ಹಿಂದೆ, ಬೌಲಿಂಗ್ ಅಂಗಳಕ್ಕೆ ಬೆಂಕಿ ಬಿದ್ದಾಗ, ಊರ ಗಡಿ ಆ ಕಟ್ಟಡದ ನಡುವೆಯೇ ಹಾಯುತ್ತದೆ, ಚೆಂಡು ಉರುಳಿಸುವುದು ಹಾಲ್‌ಬರ್ಗಿನಲ್ಲಿ, ಮರದ ಗೂಟಗಳು ಬೀಳುವುದು ಪೈನ್‌ಫರ್ಡಿನಲ್ಲಿ, ಬೆಂಕಿ ಯಾರದು ಎಂದು ಇಬ್ಬರು ಕ್ಯಾಪ್ಟನ್ನರು ಬೀದಿಯಲ್ಲಿ ಬೆರಳು ತೋರಿಸುತ್ತ ನಿಂತಿದ್ದಾರೆ, ಇವನ ಕೊಳವೆ ಅವರ ನಲ್ಲಿಗೆ ಕೂರುತ್ತಿಲ್ಲ, ತಿರುಪಿನ ಸುತ್ತೇ ಬೇರೆ, ಆಗ ಮಸಿ ಮೆತ್ತಿದ ಹುಡುಗಿಯೊಬ್ಬಳು ಜೇಬಿನಿಂದ ಕೊಳವೆ ಜೋಡಿಸುವ ಹಿತ್ತಾಳೆಯ ಬಳೆಯೊಂದನ್ನು ತೆಗೆದು ಇವನತ್ತ ಎಸೆದು ಹೊರಟೇಹೋದಳು, ಬಳೆ ಎರಡಕ್ಕೂ ಕೂತಿತು, ನೀರು ಬಂತು. ಆ ಹುಡುಗಿಯೇ ಮೊನ್ನೆ ಮಂಗಳವಾರ ಈ ಬಂಡಿಯ ಪಕ್ಕ ಒಬ್ಬಳೇ ನಿಂತು, ಕಣ್ಣು ಮುಚ್ಚಿ, ಪಂಪಿನ ಹಿಡಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದಳು, ಹೊಗೆಯಲ್ಲಿ ಕಣ್ಣು ಕೆಲಸಕ್ಕೆ ಬಾರದು ಎಂದು ಬಲ್ಲವರು ಕಲಿಯುವ ಹಾಗೆ, ಅವನೂ ಹಾಗೆಯೇ ಕಲಿತಿದ್ದ, ಸದ್ದಾಗದಂತೆ ಹಿಂದಕ್ಕೆ ಸರಿದು ಹೋದ, ಇವತ್ತು ಯಾರಿಗೂ ಹೇಳದೆ ಬಂದು ತಳ್ಳುವವರ ನಡುವೆ ನಿಂತ, ಈಗ ತಳ್ಳು, ಸುಮ್ಮನೆ ತಳ್ಳು—

ಬ್ರೇಕ್ ಬಿಡ್ರೀ ಹಕಾಲಾ, ನಿದ್ದೆ ಹೋದ್ರಾ ಮೇಲೆ.

ಹೆಣ್ಣು ದನಿ, ಎಡಮೂಲೆಯಿಂದ, ಗಾಜಿನತ್ತ ಮುಖ ಎತ್ತಿ ಕೂಗಿದ್ದು, ಅವನು ತಲೆ ಎತ್ತಿದ, ಗಾಜಿನ ಹಿಂದೆ ಖಾಲಿ ಸೀಟು, ಎಡಮೂಲೆಯಲ್ಲಿ ಹೆಲ್ಮೆಟಿನಿಂದ ನೀರು ಸುರಿಸಿಕೊಂಡು ಪ್ರಿಬಿಲ್. ಅವಳೂ ಇವನನ್ನು ಕಂಡಳು. ನಲವತ್ತು ಜನ ಬ್ರೇಕ್ ಹಾಕಿದ ಬಂಡಿಯನ್ನು, ಚಾಲಕನೇ ಇಲ್ಲದ ಬಂಡಿಯನ್ನು ಇಷ್ಟು ಹೊತ್ತು—ಮೊದಲು ನಕ್ಕದ್ದು ಚೀಫ್, ಆಮೇಲೆ ಯಾರು ಯಾವ ಊರಿನವರೆಂದು ತಿಳಿಯದ ಹಾಗೆ ಎಲ್ಲರೂ, ಒಬ್ಬ ನೆಲದ ನೀರಿನಲ್ಲೇ ಕೂತುಬಿಟ್ಟ, ಹಕಾಲಾನಿಗೂ ಹೊಟ್ಟೆಯ ತಳದಿಂದ ನಗು ಬಂತು, ಎಷ್ಟೋ ದಿನದ ಮೇಲೆ. ಅವಳು ಕಣ್ಣೊರೆಸಿಕೊಂಡು ಹತ್ತಿರ ಬಂದಳು, ನಂಗೆ ನಿವೃತ್ತಿಗಿನ್ನೂ ಹದಿನೆಂಟು ವರ್ಷ ಇದೆ, ನಿಮಗೆ ನಾಲ್ಕು, ಹತ್ತಿ ಮೇಲೆ. ಮತ್ತೆ ತಪಾಸಣೆ ಅಂತ ಇವನು. ನಾನು ಹೋಗ್ತೀನಿ, ಹೋಟೆಲೋರು ಊಟನಾದ್ರೂ ಹಾಕ್ತಾರೆ, ನಮ್ಮ ಠಾಣೆ ಅಡುಗೆಗಿಂತ ವಾಸಿ, ಹತ್ತಿ ಅಂದ್ನಲ್ಲ.

ಅವನು ಹತ್ತಿದ. ಹೊಸ ಚರ್ಮದ ವಾಸನೆ, ಎತ್ತರ, ತಂದು ನಿಲ್ಲಿಸಿದವರು ಆರಿಸದೆ ಬಿಟ್ಟ ಎಂಜಿನ್ ಗುರುಗುಡುತ್ತಿದೆ, ಪೈನ್‌ಫರ್ಡಿನಲ್ಲಿ ಚಾಲಕ ಮೆಲ್ಲಗೆ ರಿವರ್ಸ್ ಕೊಡುತ್ತಾನೆ, ಜನ ಶಾಸ್ತ್ರಕ್ಕೆ ಕೈ ಇಡುತ್ತಾರೆ, ಎಲ್ಲರಿಗೂ ಗೊತ್ತು, ಹಾಲ್‌ಬರ್ಗಿನಲ್ಲಿ ಹಾಗಲ್ಲ, ಅವನು ನ್ಯೂಟ್ರಲ್ಲಿಗೆ ತಂದು ಎಂಜಿನ್ ಆರಿಸಿದ, ಹಳದಿ ಗುಂಡಿ ಒತ್ತಿ ಬ್ರೇಕ್ ಬಿಟ್ಟ, ಉಸ್ಸೆಂದು ಗಾಳಿ, ಆಮೇಲೆ ನಿಶ್ಶಬ್ದ, ಅಷ್ಟು ದೊಡ್ಡ ನಿಶ್ಶಬ್ದದಲ್ಲಿ ಚಕ್ರವೊಂದು ಕಿರ್ ಎಂದಿತು, ಬಂಡಿ ಹಿಂದಕ್ಕೆ ಸರಿಯುತ್ತಿದೆ, ಕೈಗಳಿಂದಲೇ, ಕನ್ನಡಿ ನೋಡಬೇಕು, ನೋಡಿದ, ಬಾಗಿಲು ನೇರವಾಗಿದೆ, ಗಾಜಿನಾಚೆ ಪ್ರಿಬಿಲ್ ಎಂಜಿನ್ ಸದ್ದಿಗೆ ಕಿವಿಗೊಟ್ಟಳು, ಸದ್ದಿಲ್ಲ, ತನ್ನ ಕೈಗಳನ್ನು ನೋಡಿಕೊಂಡಳು, ಕೈಗಳು ಮುಂದಕ್ಕೆ ಹೋಗುತ್ತಿವೆ, ಬೆರಗಿಗೆ ಬಾಯಿ ತೆರೆಯಿತು, ಕನ್ನಡಿ ನೋಡು, ನೋಡಿದ, ಎಡಕ್ಕೆ ಒಂದು ಗೇಣು, ಮತ್ತೆ ಅವಳ ಬಾಯಿ, ಇಷ್ಟಗಲ, ತುಟಿಯಿಂದ ನೀರು ತೊಟ್ಟಿಕ್ಕುತ್ತಿದೆ, ಕನ್ನಡಿ ನೋಡು ಹಕಾಲಾ, ಕನ್ನಡಿ, ಅವಳ ತೆರೆದ ಬಾಯಿ—