ಹತ್ತು ಲಕ್ಷದ ಒಂಬತ್ತು

ಪರಾತದಲ್ಲಿ ಹರಡಿದ್ದ ಜೋಳದ ಹಿಟ್ಟಿನ ಮೇಲೆ ಬೆರಳಿನಿಂದ ಭಾಗಾಕಾರ ಮಾಡುತ್ತಿದ್ದ ಜಗದಾಂಬಾ ಕೊನೆಯ ಸಾಲಿಗೆ ಬಂದು ತಡೆದಳು. ಕಳೆದರೆ ಸೊನ್ನೆ! ಇನ್ನೊಮ್ಮೆ ಕಳೆದಳು. ಸೊನ್ನೆಯೇ. ಒಲೆಯ ಮೇಲೆ ಎಸರು ಉಕ್ಕಿ ಸುರಿಯುತ್ತಿದ್ದರೂ ಅವಳಿಗೆ ಅದರ ಕಡೆ ಗಮನವಿಲ್ಲ.

ಗೋವಿಂದರಾಜನಗರದ ಆ ಬಾಡಿಗೆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷ. ಎಪ್ಪತ್ತೆರಡರಲ್ಲಿ ಬಿ.ಎಸ್ಸಿ. ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಹದಿನೈದು ದಿನದ ಹಿಂದೆ ಸರ್ಕಾರಿ ಕಚೇರಿಯೊಂದರಿಂದ ಕೆಲಸದ ಆರ್ಡರ್ ಬಂದಿತ್ತು. ಸೋಮವಾರ ಸೇರದಿದ್ದರೆ ಅದು ರದ್ದು. ಮಾವ ಗಂಗಾಧರಯ್ಯನವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ರಿಟೈರಾದವರು. ಬೇಡ ಅಂದುಬಿಟ್ಟರೆ ಹಳೇ ಕಾಲದವರು ಅನ್ನಿಸಿಕೊಳ್ಳಬೇಕಲ್ಲ! ಅದಕ್ಕೇ ನಗುನಗುತ್ತಲೇ ಪಂಥ ಕಟ್ಟಿದ್ದರು.

"ಹತ್ತು ಲಕ್ಷದ ಒಂಬತ್ತು ಅವಿಭಾಜ್ಯ ಸಂಖ್ಯೆ ಕಣಮ್ಮ. ಒಂದು ಬಿಟ್ರೆ, ಆ ಸಂಖ್ಯೆನೇ ಬಿಟ್ರೆ, ಬೇರೆ ಯಾವುದರಿಂದಲೂ ಪೂರ್ತಿ ಭಾಗ ಹೋಗಲ್ಲ. ಒಡೆದು ತೋರ್ಸು, ಮಾರನೇ ದಿನಾನೇ ಕೆಲ್ಸಕ್ಕೆ ಹೋಗು."

ಬೆಳಿಗ್ಗೆ ಅವರು ಲಿಂಗಪೂಜೆಗೆ ಕೂತ ಮುಕ್ಕಾಲು ಗಂಟೆ ಮಾತ್ರ ಅವಳದು. ಎರಡು, ಮೂರು, ಐದು, ಏಳು ಅಂತ ದಿನಕ್ಕೆ ನಾಲ್ಕೈದರಂತೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸುವಳು. ಹೋಗದಿದ್ದರೆ ಆ ಲೆಕ್ಕದ ಮೇಲೇ ಬಿಸಿನೀರು ಸುರಿದು ರೊಟ್ಟಿಗೆ ನಾದುವಳು. ಮನೆಯವರೆಲ್ಲ ಹೀಗೆ ಅವಳ ಅರವತ್ತೊಂದು ಸೋಲನ್ನು ಪಲ್ಯ ಹಚ್ಚಿಕೊಂಡು ತಿಂದಿದ್ದರು. ಇದು ಅರವತ್ತೆರಡನೆಯದು. ಅವಳ ಮನಸ್ಸು ಆಗಲೇ ಮಾಗಡಿ ರೋಡಿನ ಬಸ್ಸು ಹತ್ತಿತ್ತು.

ಪೂಜೆ ಮುಗಿಯುತ್ತಲೇ ಪರಾತವನ್ನು ಹಾಗೇ ಎರಡೂ ಕೈಯಲ್ಲಿ ಹಿಡಿದು ನಡುಮನೆಗೆ ತಂದಳು.

"ಮಾವಾ, ಇನ್ನೂರ ತೊಂಬತ್ತಮೂರು. ಮೂರು ಸಾವಿರದ ನಾನೂರ ಹದಿಮೂರು ಸಲ ಹೋಗುತ್ತೆ."

ಗಂಗಾಧರಯ್ಯನವರು ಕನ್ನಡಕ ಹಾಕಿಕೊಂಡು ಪೇಪರಿನ ಅಂಚಿನಲ್ಲಿ ಗುಣಿಸಿದರು. ಮತ್ತೆ ಗುಣಿಸಿದರು. ಮುಖ ಸಣ್ಣಗಾಯಿತು. ಅದು ಅವಿಭಾಜ್ಯ ಅಂತ ಮೂವತ್ತು ವರ್ಷ ಎಷ್ಟು ಮಕ್ಕಳಿಗೆ ಹೇಳಿದ್ದರೋ ಪಾಪ! ಆಮೇಲೆ ಏನನ್ನಿಸಿತೋ, ಗಟ್ಟಿಯಾಗಿ ನಕ್ಕುಬಿಟ್ಟರು.

"ಪಂಚಾಕ್ಷರೀ, ಬಾರೋ ಇಲ್ಲಿ! ನಿನ್ನ ಹೆಂಡ್ತಿ ತಲೆ ನೋಡೋ! ಇಂಥವಳನ್ನ ಯಾವುದೋ ಆಫೀಸಲ್ಲಿ ಫೈಲ್ ಕಟ್ಟೋಕೆ ಕಳಿಸ್ತಾರೇನೋ?"

"ಎಲ್ಲಾದ್ರೂ ಉಂಟಾ ಅಪ್ಪಾ," ಅಂದ ಗಂಡ, ಗಡ್ಡದ ಸೋಪು ಒರೆಸಿಕೊಳ್ಳುತ್ತ. ಭಾನುವಾರದ ಗೆಲುವಿನಲ್ಲಿದ್ದ.

"ಮಾತು ಕೊಟ್ಟಿದ್ರಿ ಮಾವಾ." ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. "ನಾಳೆ ಸೋಮವಾರ."

"ಇಲ್ಲ ಅಂದೋರ್ಯಾರು? ಅದು ಸುಲಭದ್ದಾಯ್ತು ಬಿಡು. ನಿನ್ನ ಯೋಗ್ಯತೆಗೆ ತಕ್ಕದ್ದು ಕೊಡ್ತೀನಿ." ಹಿಟ್ಟಿನ ಮೇಲಿದ್ದ ಲೆಕ್ಕವನ್ನು ಅಂಗೈಯಿಂದ ಸವರಿ ಹೊಸದಾಗಿ ಬರೆದರು: 10,00,003. "ಇದನ್ನ ಒಡಿ. ಆಮೇಲೆ ಖಂಡಿತ ಹೋಗು."

ಅಡುಗೆಮನೆಗೆ ಬಂದವಳಿಗೆ ಪರಾತವನ್ನು ಎತ್ತಿ ಬಿಸಾಡಬೇಕು ಅನ್ನಿಸಿತು. ಬಿಸಾಡಲಿಲ್ಲ. ಒಲೆಯ ಮುಂದೆ ಇಟ್ಟುಕೊಂಡು ಕೂತು ಅತ್ತಳು. ನಡುಮನೆಯಲ್ಲಿ ಅಪ್ಪ ಮಗ ಇನ್ನೂ ಅವಳನ್ನು ಹೊಗಳುತ್ತಿದ್ದರು. ಈ ಸಲದ್ದು ನಿಜಕ್ಕೂ ಅವಿಭಾಜ್ಯ, ಎಷ್ಟು ದಿನ ಭಾಗಿಸಿದರೂ ಒಡೆಯದ್ದು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅಳುತ್ತಿರುವಾಗಲೇ ಬೆರಳು ತಾನಾಗಿ ಹಿಟ್ಟಿಗೆ ಹೋಯಿತು. ಏಳರಿಂದ ಭಾಗಿಸಿದಳು, ನಾಲ್ಕು ಉಳಿಯಿತು. ಹನ್ನೊಂದರಿಂದ, ನಾಲ್ಕು. ಹದಿಮೂರರಿಂದಲೂ ನಾಲ್ಕೇ.