ಕಣ್ಣು ಒಪ್ಪಿದ ಅಂಕೆ

ಬಟ್ಟೆ ಗಿರಣಿಯ ಬಣ್ಣದ ಲ್ಯಾಬಿಗೆ ಅವಳು ಮುಖ್ಯಸ್ಥೆ, ಬಣ್ಣ ಹಾಕುವ ವಿಭಾಗಕ್ಕೆ ಅವಳ ಸೋದರಮಾವನೇ ಮೇಸ್ತ್ರಿ. ಮನೆಯಲ್ಲಿ ಮುದ್ದು ಮಾಡುವ ಮಾವ, ಗಿರಣಿಯಲ್ಲಿ ಮಾತ್ರ ಇಬ್ಬರೂ ಹಾವು ಮುಂಗುಸಿ. ಎರಡು ಬಟ್ಟೆ ತುಂಡುಗಳ ಬಣ್ಣ ಎಷ್ಟು ಬೇರೆ ಎಂದು ಅವಳ ಯಂತ್ರ ಒಂದು ಅಂಕೆ ಹೇಳುತ್ತಿತ್ತು. ಮಿತಿಯೊಳಗಿದ್ದರೆ ಪಾಸು, ದಾಟಿದರೆ ವಾಪಸು.

ಒಂದೇ ವಾರದಲ್ಲಿ ಎರಡು ಪೆಟ್ಟು ಬಿತ್ತು. ಯಂತ್ರ ಪಾಸು ಮಾಡಿದ್ದ ಬೂದು ಬಟ್ಟೆ ಸಮವಸ್ತ್ರವಾಗಿ ತಿರುಗಿ ಬಂತು: ತೋಳೊಂದು ಬಣ್ಣ, ಮೈಯೊಂದು ಬಣ್ಣ. ಅದೇ ಯಂತ್ರ ತಳ್ಳಿಹಾಕಿದ್ದ ಕಡು ಹಳದಿ ಥಾನುಗಳಲ್ಲಿ ಯಾರು ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣದು.

"ನಿನ್ನ ಯಂತ್ರಕ್ಕೆ ಕಾಮಾಲೆ ಕಣಮ್ಮ. ಹಳದಿ ಕಂಡರೆ ಬೆಚ್ಚಿಬೀಳುತ್ತೆ," ಎಂದರು ಮಾವ.

ಆ ಮಾತು ಅವಳ ತಲೆಯಲ್ಲಿ ಹುಳ ಬಿಟ್ಟಿತು. ತಪ್ಪು ಯಂತ್ರದ್ದಲ್ಲ, ಅದರೊಳಗಿನ ಸೂತ್ರದ್ದು. ಎಲ್ಲ ಬಣ್ಣಕ್ಕೂ ಅದು ಒಂದೇ ಅಳತೆಕೋಲು ಹಿಡಿಯುತ್ತಿತ್ತು. ಕಣ್ಣು ಹಾಗಲ್ಲ. ಬೂದಿನಲ್ಲಿ ಕೂದಲೆಳೆಯಷ್ಟು ಸರಿದರೂ ಹಿಡಿಯುತ್ತದೆ, ಕಡು ಹಳದಿಯಲ್ಲಿ ಗೇಣುದ್ದ ಸರಿದರೂ ಸುಮ್ಮನಿರುತ್ತದೆ.

"ಮಾವ, ನಿಮ್ಮ ಕಣ್ಣು ಸ್ವಲ್ಪ ಎರವಲು ಕೊಡಿ," ಎಂದಳು.

"ನನ್ನದೊಂದೇ ಸಾಕಾ?"

ಸಾಕಾಗಲಿಲ್ಲ. ಹೊಲಿಗೆಯವರು, ಪ್ಯಾಕಿಂಗಿನವರು, ಲಾರಿ ಡ್ರೈವರು, ಎಲ್ಲರನ್ನೂ ಒಂದೇ ದೀಪದಡಿ ಕೂರಿಸಿ ಜೋಡಿ ಜೋಡಿ ತುಂಡು ತೋರಿಸಿದಳು. ಕೇಳಿದ್ದು ಇಷ್ಟೇ: ಯಾವ ಜೋಡಿ ಹೆಚ್ಚು ಬೇರೆ? ಅವರ ಉತ್ತರಕ್ಕೆ ತಕ್ಕಂತೆ ಅಳತೆಕೋಲನ್ನು ಕಡು ಬಣ್ಣಗಳಲ್ಲಿ ಹಿಗ್ಗಿಸಿದಳು, ಬೂದಿನಲ್ಲಿ ಕುಗ್ಗಿಸಿದಳು. ನೀಲಿ ಮಾತ್ರ ಹಟಮಾರಿ. ಅದರ ಲೆಕ್ಕ ಕೈಕೊಟ್ಟಾಗಲೆಲ್ಲ ಮತ್ತೆ ತುಂಡು ಕತ್ತರಿಸಿದಳು, ಮತ್ತೆ ಜನರನ್ನು ಕರೆದಳು.

ಹೊಸ ಸೂತ್ರದ ಪರೀಕ್ಷೆಯ ದಿನ ಮ್ಯಾನೇಜರೂ ಬಂದು ನಿಂತರು. ಅವಳು ಎಂದೂ ನೋಡಿರದ ತುಂಡುಗಳನ್ನು ಮಾವನೇ ಆರಿಸಿ ತಂದಿದ್ದರು, ಬೇಕೆಂದೇ ನೀಲಿಯನ್ನು ಹೆಚ್ಚು ತುರುಕಿ. ಯಂತ್ರದ ತೀರ್ಪನ್ನು ಮೊದಲೇ ಹಲಗೆಯ ಮೇಲೆ ಬರೆದು ಮುಚ್ಚಿಟ್ಟಳು. ಜನ ಒಂದೊಂದೇ ಜೋಡಿ ನೋಡಿ ಹೇಳುತ್ತ ಹೋದರು. ಅವರ ಉತ್ತರಗಳನ್ನು ಅವಳು ಒಂದೊಂದಾಗಿ ಬರೆದುಕೊಂಡಳು.

ಮುಸುಕು ತೆಗೆದರು. ಬೂದು ಸರಿ, ಹಳದಿ ಸರಿ, ಕೆಂಪು ಸರಿ. ನೀಲಿಯ ಸಾಲಿನ ಮೇಲೆ ಬೆರಳಿಟ್ಟು ಮಾವ ನಿಧಾನವಾಗಿ ಕೊನೆಯವರೆಗೂ ಹೋದರು. ಒಂದೂ ತಪ್ಪಿರಲಿಲ್ಲ.

"ಇವತ್ತಿಂದ ಇದೇ ಸೂತ್ರ," ಎಂದರು ಮ್ಯಾನೇಜರು.

ಮಾವ ಕನ್ನಡಕ ತೆಗೆದು ಒರೆಸಿದರು. "ನನ್ನ ಅಕ್ಕನ ಮಗಳು," ಎಂದು ಪಕ್ಕದವರಿಗೆ ಹೇಳಿದರು, ಅವರಿಗೆ ಗೊತ್ತಿಲ್ಲವೇನೋ ಎಂಬಂತೆ. ಅವಳು ಮೇಜಿಗೊರಗಿ ನಕ್ಕಳು, ಹೊಟ್ಟೆ ತುಂಬ.