ಕಿಟಕಿಯ ಬಿಸಿಲಿಗಿಟ್ಟ ಟ್ಯೂಬ್

ಪಾಲಕ್ ಎಲೆ ಅರೆದು ಸೋಸಿದ ಹಸಿರು ರಸ ಬೆಳಕಿನಲ್ಲಿ ನೀರನ್ನು ಒಡೆಯುತ್ತದೆ. ಒಡೆದ ನೀರಿನಿಂದ ಆಮ್ಲಜನಕ ಹೊರಬರುತ್ತದೆ, ಅದನ್ನು ಅಳೆಯುವ ಯಂತ್ರದ ಮುಳ್ಳು ಏರುತ್ತದೆ. ಆದರೆ ಈ ರಸ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಅದನ್ನು ಮೂರು ದಿನ ಬದುಕಿಸಿಡುವುದು ಹೇಗೆಂದು ಕಂಡುಹಿಡಿಯಲು, ಸಂಶೋಧನಾ ವಿದ್ಯಾರ್ಥಿನಿಯಾದ ನಾನು ಬೆರಳು ಮರಗಟ್ಟುವ ಶೀತಕೋಣೆಯಲ್ಲಿ ನಾಲ್ಕು ವರ್ಷ ಕೂತೆ. ಕೊನೆಗೆ ದಾರಿ ಸಿಕ್ಕಿತು. ಅದರ ಲೇಖನ ಅಚ್ಚಾದಾಗ ಮೇಲೆ ನನ್ನ ಗೈಡ್ ಹೆಸರೊಂದೇ ಇತ್ತು. ಕೇಳಿದ್ದಕ್ಕೆ, "ಎಲೆ ಅರೆದೋರ ಹೆಸರೆಲ್ಲ ಹಾಕ್ತಾ ಹೋದ್ರೆ ತರಕಾರಿ ಅಂಗಡಿಯವನದ್ದೂ ಹಾಕ್ಬೇಕಾಗತ್ತೆ ಕಣಮ್ಮ" ಅಂದರು.

ಅದಾಗಿ ಒಂದು ವರ್ಷ. ಇವತ್ತು ಹೊರಗಿನ ಮೂವರು ಪ್ರೊಫೆಸರುಗಳು ಮೂರು ದಿನ ಬದುಕುವ ಆ ರಸವನ್ನು ಕಣ್ಣಾರೆ ನೋಡಲು ಬಂದಿದ್ದರು. ಅವರು ಒಪ್ಪಿದರೆ ಗೈಡ್ ವಿಭಾಗದ ಮುಖ್ಯಸ್ಥರು.

ಬೆಳಿಗ್ಗೆಯೇ, ಮೂರು ದಿನದ ಹಿಂದೆ ಅರೆದ ರಸದ ಎರಡು ಟ್ಯೂಬಿಗೆ ಕಪ್ಪು ಕಾಗದ ಸುತ್ತಿ ಐಸ್ ಡಬ್ಬಿಯಲ್ಲಿಟ್ಟಿದ್ದೆ. ಅಳೆಯುವ ಕ್ಷಣದವರೆಗೆ ರಸ ಕತ್ತಲಲ್ಲಿ, ತಣ್ಣಗಿರಬೇಕು. ಬಿಸಿಲಿಗೆ ಬಿದ್ದರೆ ಅರ್ಧ ಗಂಟೆಯಲ್ಲಿ ಕತೆ ಮುಗಿಯಿತು. ಅರೆದವರಿಗೆ ಅದು ಗೊತ್ತು.

ಗೈಡ್ ಒಂದು ಟ್ಯೂಬ್ ತೆಗೆದು, ಕಾಗದ ಬಿಚ್ಚಿ, ಬಿಸಿಲು ಬೀಳುವ ಕಿಟಕಿಯ ಹಲಗೆಯ ಮೇಲೆ ನಿಲ್ಲಿಸಿದರು.

"ಬಣ್ಣ ನೋಡಿ. ಬೆಳಕೇ ಅಲ್ವಾ ಇದರ ಊಟ? ಹೊಟ್ಟೆ ತುಂಬ ತಿನ್ಲಿ."

ಅತಿಥಿಗಳು ನಕ್ಕರು. ನಾನೂ ನಕ್ಕೆ. ಕಾಫಿ ತಂದುಕೊಟ್ಟೆ. ಬಿಸ್ಕತ್ತಿನ ತಟ್ಟೆಯನ್ನು ಇನ್ನೊಂದು ಸುತ್ತು ತಿರುಗಿಸಿದೆ. ಮುಕ್ಕಾಲು ಗಂಟೆ ಹೋಯಿತು.

ರಸವನ್ನು ಯಂತ್ರಕ್ಕೆ ಸುರಿದು ದೀಪ ಹಾಕಿದರು. ಮುಳ್ಳು ಅಲ್ಲಾಡಲಿಲ್ಲ. ಗೈಡ್ ಯಂತ್ರವನ್ನು ಎರಡು ಸಲ ತಟ್ಟಿದರು.

"ದೀಪ ಸರಿ ಇದ್ಯಾ?" ಎಂದರು ಅತಿಥಿಗಳಲ್ಲಿ ಹಿರಿಯಾಕೆ.

"ದೀಪ ಸರಿ ಇದೆ ಮೇಡಂ" ಅಂದೆ.

ಗೈಡ್ ನನ್ನ ಪಕ್ಕ ಬಂದು ದನಿ ತಗ್ಗಿಸಿದರು. "ಇನ್ನೊಂದು ಇದೆಯಲ್ಲಮ್ಮ?"

"ಇದೆ ಸರ್. ಇದು ಯಾರು ಮಾಡಿದ್ದು ಅಂತ ಅವ್ರಿಗೆ ಹೇಳಿ. ಈಗ್ಲೇ ಹಾಕ್ತೀನಿ."

"ಅವ್ರು ಹೋಗ್ಲಿ, ಕೂತು ಮಾತಾಡೋಣ."

"ಒಂದು ವರ್ಷದಿಂದ ಕೂತೇ ಇದೀನಿ ಸರ್."

ಅವರು ಅತಿಥಿಗಳ ಕಡೆ ತಿರುಗಿ, "ಯಂತ್ರ ಸ್ವಲ್ಪ ಹಳೇದು" ಅಂದರು.

ಉಳಿದ ಟ್ಯೂಬನ್ನೂ ಚೆಲ್ಲಿದರೆ ಅತಿಥಿಗಳು ನನ್ನ ನಾಲ್ಕು ವರ್ಷವನ್ನೂ ಸುಳ್ಳೆಂದು ಬರೆದುಕೊಂಡು ಹೋಗುತ್ತಾರೆ. ಗೊತ್ತಿತ್ತು. ಎರಡನೇ ಟ್ಯೂಬನ್ನು ಸಿಂಕಿಗೆ ಬಗ್ಗಿಸಿ ನಲ್ಲಿ ಬಿಟ್ಟೆ. ಹಸಿರು ಪೂರ್ತಿ ಹೋಗುವವರೆಗೆ ಕಾದೆ. ಟ್ಯೂಬ್ ತೊಳೆದು ಎಂದಿನಂತೆ ಸ್ಟ್ಯಾಂಡಿನಲ್ಲಿ ಬೋರಲು ಹಾಕಿದೆ.

"ಏನಮ್ಮ ಚೆಲ್ಲಿದ್ದು?" ಹಿರಿಯಾಕೆ ಕೇಳಿದರು.

ಗೈಡ್ ನನ್ನನ್ನೇ ನೋಡುತ್ತಿದ್ದರು.

"ಅರೆದ ತರಕಾರಿ ಮೇಡಂ."